ದೊಡ್ಡ ಮಿಸ್ಸಿನ ಹೆದರಿಕೆ

ನಾನು ಕಂಡವರಲ್ಲಿ ಅವರಷ್ಟು ಹೆದರುತ್ತಿದ್ದವರು ಇನ್ನೊಬ್ಬರಿಲ್ಲ. ಮೇಜಿನ ಡ್ರಾಯರ್ ಎಳೆಯುವ ಮುಂಚೆ, ಒಳಗೆ ಚೇಳಿದ್ದರೆ ಸರಿದುಕೊಳ್ಳಲಿ ಎಂದು ಸ್ಕೇಲಿನಿಂದ ತಟ್ಟುತ್ತಿದ್ದರು. ಗುಡುಗಿದರೆ ಪಾಠ ನಿಲ್ಲಿಸಿ ಕಿಟಕಿಯಿಂದ ದೂರ ಹೋಗಿ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅದನ್ನು ನನ್ನ ಕೈಗೆ ಕೊಟ್ಟು, "ಯಾರಂತ ಕೇಳಮ್ಮ. ಕೆಟ್ಟ ಸುದ್ದಿಯಾದ್ರೆ ಮೆಲ್ಲಗೆ ಹೇಳು" ಎನ್ನುತ್ತಿದ್ದರು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಆಗಬೇಕು, ಏನಾದರೂ ಆದರೆ ಇಳಿಯಬಹುದಲ್ಲ ಎಂದು.

ಹೋದ ತಿಂಗಳು ಅವರು ಶಿರಾದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಮಣ್ಣು ಮಾಡಲು ಬಂದಿದ್ದವರೆಲ್ಲ ಅವರ ಧೈರ್ಯವನ್ನು ಹೊಗಳಿದರು. ಪಾಸ್ಟರ್ ಕೂಡ ಅದನ್ನೇ ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ಅವರಿಗೆ ಧೈರ್ಯ ಎಂಬುದು ಯಾವತ್ತೂ ಇರಲಿಲ್ಲ. ಅವರಲ್ಲಿ ಇದ್ದದ್ದಕ್ಕೆ ನನಗೆ ಹೆಸರು ಗೊತ್ತಿಲ್ಲ, ಕಂಡದ್ದನ್ನಷ್ಟೇ ಹೇಳಬಲ್ಲೆ.

ಮಧುಗಿರಿಯಿಂದ ಮಿಡಿಗೇಶಿ ದಾಟಿ ಪಾವಗಡದ ಕಡೆ ಹೋಗುವಾಗ, ರಸ್ತೆಯಿಂದ ಒಳಗೆ ಬೆಟ್ಟದ ಬುಡದಲ್ಲಿ ಒಂದು ಊರು. ಅಲ್ಲಿಯ ಸರ್ಕಾರಿ ಶಾಲೆಗೆ ನಾವಿಬ್ಬರೇ. ಅವರು ಮುಖ್ಯಶಿಕ್ಷಕಿ, ನಾನು ಹೊಸದಾಗಿ ಕೆಲಸಕ್ಕೆ ಸೇರಿದವಳು. ಮಕ್ಕಳಿಗೆ ಅವರು ದೊಡ್ಡ ಮಿಸ್ಸು, ನಾನು ಚಿಕ್ಕ ಮಿಸ್ಸು. ಇಬ್ಬರ ಮನೆಯೂ ಮಧುಗಿರಿಯಲ್ಲಿದ್ದುದರಿಂದ ಬೆಳಗ್ಗೆ ಒಂದೇ ಬಸ್ಸು ಹತ್ತುತ್ತಿದ್ದೆವು. ಎತ್ತರದ, ತೆಳ್ಳಗಿನ ಹೆಂಗಸು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕತ್ತಿನಲ್ಲಿ ದಾರದಂಥ ಸರಕ್ಕೆ ಒಂದು ಪುಟ್ಟ ಶಿಲುಬೆ. ಶಾಲೆಯ ಗೇಟು ಬಂದ ಕೂಡಲೇ ಆ ಶಿಲುಬೆಯನ್ನು ರವಿಕೆಯೊಳಗೆ ಸೇರಿಸಿಬಿಡುತ್ತಿದ್ದರು. ಯಾರೂ ಏನೂ ಅಂದಿರಲಿಲ್ಲ. ಅಂದಾರು ಎಂಬ ಹೆದರಿಕೆ. ಪಾವಗಡದ ಕಡೆಯಲ್ಲಿ ಹುಟ್ಟಿ ಬೆಳೆದವರಾದ್ದರಿಂದ ಮನೆಮಾತಿನಲ್ಲಿ ತೆಲುಗು ಬೆರೆತಿತ್ತಂತೆ. ಶಾಲೆಯಲ್ಲಿ ಮಾತ್ರ ತುಂಬ ಹೆದರಿದಾಗಷ್ಟೇ ಅದು ಹೊರಗೆ ಬರುತ್ತಿತ್ತು.

ಮೊದಲ ದಿನ ಊರಿಗೆ ದಾರಿ ಒಡೆಯುವ ಗೇಟಿನಲ್ಲಿ ಬಸ್ಸಿಳಿದು ಇಬ್ಬರೂ ಒಳದಾರಿ ಹಿಡಿದೆವು. ಒಂದು ಕಡೆ ಬಂಡೆಗಳು, ಇನ್ನೊಂದು ಕಡೆ ಸೀತಾಫಲದ ಪೊದೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅತ್ತಿತ್ತ ನೋಡುತ್ತ, ಯಾರ ಜೊತೆಗೋ ಮಾತಾಡುತ್ತಿದ್ದರು. "ಬಸ್ಸು ಟೈಮಿಗೆ ಬಂತು, ಸ್ತೋತ್ರ. ಕೂರೋಕೆ ಜಾಗ ಸಿಕ್ತು, ಸ್ತೋತ್ರ. ಈ ಹುಡುಗಿ ಜೊತೆಗೆ ಸಿಕ್ಕಿದ್ಲು, ಒಬ್ಬಳೇ ನಡೆಯೋದು ತಪ್ತು, ಸ್ತೋತ್ರ ಸ್ವಾಮಿ." ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ದೇವರಿಗೆ ಹೇಳುವ ಆ ವಂದನೆ ದಿನವೂ ನಡೆಯುತ್ತಿತ್ತು. ನಲ್ಲಿಯಲ್ಲಿ ನೀರು ಬಂದರೆ ಸ್ತೋತ್ರ. ಜ್ವರ ಬಿಟ್ಟು ಮಗುವೊಂದು ಶಾಲೆಗೆ ಬಂದರೆ ಸ್ತೋತ್ರ. ಮಕ್ಕಳಿಗೆ ಕೇಳುವಂತೆ ಒಂದು ಸಲವೂ ಹೇಳಿದವರಲ್ಲ. ಗೋಡೆಯ ಕಡೆ ತಿರುಗಿ, ತುಟಿಯಲ್ಲೇ. ನನಗೆ ಮಾತ್ರ ಕೇಳುತ್ತಿತ್ತು, ಕೇಳಿ ಕೇಳಿ ಸಾಕಾಗುತ್ತಿತ್ತು. ಒಂದು ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಿದ್ದಾಗ ಕೇಳಿಯೇಬಿಟ್ಟೆ.

"ಅಲ್ಲ ಮೇಡಂ, ದೇವರನ್ನ ಅಷ್ಟು ನಂಬ್ತೀರಿ. ಮತ್ತೆ ಹಲ್ಲಿ ಬಿದ್ದರೂ ಬೆಚ್ಚಿಬೀಳ್ತೀರಲ್ಲ?"

ಅವರು ನಕ್ಕರು. ನಗುವಾಗ ಸದ್ದು ಬರುತ್ತಿರಲಿಲ್ಲ, ಭುಜಗಳು ಕುಣಿಯುತ್ತಿದ್ದವು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ಹೇಳಿದರು.

"ನಮ್ಮೆಜಮಾನ್ರು ವೈ.ಎನ್. ಹೊಸಕೋಟೇಲಿ ಟೈಲರ್ ಅಂಗಡಿ ಇಟ್ಟಿದ್ರು ಕಣಮ್ಮ. ಮಗಳಿಗಿನ್ನೂ ಹಾಲುಹಲ್ಲು. ಒಂದಿನ ಬೆಳಗ್ಗೆ ಬಟ್ಟೆ ತರೋಕೆ ಅಂತ ಶಿರಾಗೆ ಹೊರಟ್ರು. ಉಪ್ಪಿಟ್ಟು ತಿಂದ್ರು. ಕೈ ತೊಳೆದು ನನ್ನ ಸೆರಗಿಗೇ ಒರೆಸ್ಕೊಂಡ್ರು. ಮಗೂನ ಎತ್ತಿ ಮುದ್ದು ಮಾಡಿದ್ರು. ನಾನು ಒಲೆ ಕಡೆ ತಿರುಗಿದ್ದೆ, ನೋಡ್ಲೇ ಇಲ್ಲ. ಹೈವೇಲಿ ಲಾರಿ..."

ಅಲ್ಲಿಗೆ ನಿಲ್ಲಿಸಿ, ಊಟಕ್ಕೆ ಕೂತ ಮಗುವೊಂದರ ತಟ್ಟೆಯನ್ನು ಅದರ ಹತ್ತಿರಕ್ಕೆ ಸರಿಸಿದರು.

"ಅವತ್ತು ಬಂದು ಒಳಗೆ ಕೂತ ಹೆದರಿಕೆ ಎದ್ದು ಹೋಗ್ಲೇ ಇಲ್ಲ. ಎಷ್ಟು ಪ್ರಾರ್ಥನೆ ಮಾಡಿದ್ರೂ ಹೋಗ್ಲಿಲ್ಲ. ಆಮೇಲೆ ಯಾವಾಗಲೋ ಹೊಳೀತು. ಆ ಬೆಳಗು ಎಷ್ಟು ಚೆನ್ನಾಗಿತ್ತು! ಸ್ವಾಮಿ ಅಂಥಾ ಬೆಳಗನ್ನ ಕೈಗಿಟ್ಟಿದ್ರು, ನಾನು ಒಲೆ ನೋಡ್ತಾ ಇದ್ದೆ. ಇನ್ನು ಒಂದನ್ನೂ ಬಿಡಬಾರ್ದು ಅಂದ್ಕೊಂಡೆ. ಕೊಟ್ಟ ತಕ್ಷಣ ಹೇಳ್ಬುಡ್ತೀನಿ. ನಾಳೆ ಕಿತ್ಕೊಂಡ್ರೂ, ಇವತ್ತು ನೋಡಿದೀನಲ್ಲ."

ಆ ಮಾತು ಕೇಳಿದ ಮೇಲೆ ಅವರ ಸ್ತೋತ್ರ ನನಗೆ ಬೇಸರ ತರಿಸಲಿಲ್ಲ. ಹೆದರಿಕೆ ಹುಟ್ಟಿಸತೊಡಗಿತು. ನನ್ನ ಗಂಡ ದಿನವೂ ಬೈಕಿನಲ್ಲಿ ಕೊರಟಗೆರೆಗೆ ಹೋಗಿ ಬರುತ್ತಿದ್ದರು. ಅವತ್ತು ಸಂಜೆ ಅವರು ಬಾಗಿಲಲ್ಲಿ ಕೂತು ಶೂ ಲೇಸು ಬಿಚ್ಚುವುದನ್ನೇ ನಿಂತು ನೋಡಿದೆ. "ಏನು, ಹಿಂಗೆ ನೋಡ್ತಿದೀಯ?" ಎಂದು ಕೇಳಿದರು. ಏನೂ ಇಲ್ಲ ಎಂದೆ.

ಹೀಗೆಂದ ಮಾತ್ರಕ್ಕೆ ದೊಡ್ಡ ಮಿಸ್ಸು ಸಪ್ಪೆ ಮುಖದ ಹೆಂಗಸೆಂದು ತಿಳಿಯಬೇಡಿ. ಹಸಿ ಕಡಲೆಕಾಯಿ ಬೇಯಿಸಿ ತಂದ ದಿನ ಸಿಪ್ಪೆಯಲ್ಲಿ ನಿಂತ ನೀರನ್ನೂ ಬಿಡದೆ ಹೀರಿ, ಕಣ್ಣು ಮುಚ್ಚಿ, "ಆಹಾ" ಎನ್ನುತ್ತಿದ್ದರು. ಒಂದು ಭಾನುವಾರ ಸುಗ್ಗಿಯ ಕೃತಜ್ಞತೆಯ ಆರಾಧನೆಗೆಂದು ನನ್ನನ್ನು ಚರ್ಚಿಗೆ ಕರೆದೊಯ್ದರು. ಜನ ರಾಗಿ, ಕುಂಬಳಕಾಯಿ, ಬುಟ್ಟಿಯಲ್ಲಿ ಕೋಳಿ ತಂದು ಮುಂದಿಡುತ್ತಿದ್ದರು. ಹೊಲವಿಲ್ಲದ ಇವರು ಶಾಲೆಯ ಮರದ ಹುಣಸೆಹಣ್ಣನ್ನು ಒಂದು ಚೀಲ ತಂದಿದ್ದರು. "ಮಕ್ಕಳು ಆರಿಸಿಕೊಟ್ಟಿದ್ದು" ಎಂದು ಪಕ್ಕದವರಿಗೆಲ್ಲ ಹೇಳಿಕೊಂಡರು. ಹಾಡುವಾಗ ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ತುಸು ಮುಂಚೆ ಹಾಡುತ್ತಿದ್ದರು. ಚರ್ಚಿನಲ್ಲಿ ಮಾತ್ರ ಶಿಲುಬೆ ಸೀರೆಯ ಮೇಲೆ ಹೊಳೆಯುತ್ತಿತ್ತು.

ಆ ವರ್ಷ ಸೀತಾಫಲ ಹಣ್ಣಾಗುವ ಹೊತ್ತಿಗೆ ಬೆಟ್ಟದಿಂದ ಕರಡಿ ಇಳಿಯತೊಡಗಿತು. ಬೆಳಗಿನ ಜಾವ ಕಡಲೆಕಾಯಿ ಹೊಲಕ್ಕೆ ಹೋಗಿದ್ದ ಊರಿನವನೊಬ್ಬನ ಮುಖವನ್ನು ಹರಿದುಹಾಕಿತು. ಜೀವ ಉಳಿಯಿತು, ಒಂದು ಕಣ್ಣು ಹೋಯಿತು. ಆಸ್ಪತ್ರೆಯಿಂದ ಬಂದವನು ಮಗಳನ್ನು ಬಿಡಲು ಶಾಲೆಯ ತನಕ ಬಂದಾಗ ನಾನು ಅವನ ಮುಖ ನೋಡಿದೆ. ಆಮೇಲೆ ದೊಡ್ಡ ಮಿಸ್ಸಿಗೂ ನನಗೂ ವ್ಯತ್ಯಾಸ ಉಳಿಯಲಿಲ್ಲ.

ಅರಣ್ಯದವರು ಬಂದು ಬೆಟ್ಟದ ಆ ಬದಿಗೆ ಬೋನು ಇಟ್ಟರು. ಸದ್ದು ಮಾಡಿಕೊಂಡು ಓಡಾಡಿ, ಕರಡಿ ತಾನೇ ಸರಿದುಹೋಗುತ್ತದೆ ಎಂದು ಹೇಳಿದರು. ಹಾಗಾಗಿ ನಾವಿಬ್ಬರೂ ಆ ದಾರಿಯಲ್ಲಿ ಸದ್ದು ಮಾಡುತ್ತ ನಡೆಯತೊಡಗಿದೆವು. ಅವರು ನಡುಗುವ ಗಂಟಲಲ್ಲಿ ಚರ್ಚಿನ ಕೀರ್ತನೆ, ನಾನು ಹದಿಮೂರರ ಮಗ್ಗಿ. ಪೊದೆಯೊಳಗೆ ಓತಿಕ್ಯಾತ ಸರಿದರೂ ಕೀರ್ತನೆ ನಿಂತು, "ದೇವುಡಾ" ಎಂಬ ಕೂಗು ಬರುತ್ತಿತ್ತು. ಬಂಡೆ ದಾಟಿದ ಮೇಲೆ, "ಇದೊಂದು ದಾಟಿದ್ವಿ, ಸ್ತೋತ್ರ." ನಗು ಬರುವಂಥದ್ದೇ. ಆದರೆ ಆಗ ನಾವು ನಗುತ್ತಿರಲಿಲ್ಲ.

ಮೋಡ ಕವಿದ ಒಂದು ದಿನ, ಇನ್ನೂ ಊಟದ ಹೊತ್ತಾಗಿರಲಿಲ್ಲ. ಬಿಸಿಯೂಟ ಮಾಡುವ ಅಕ್ಕ ನೀರು ತರಲು ಹೊರಗೆ ಹೋಗಿದ್ದವಳು ಕೊಡ ಬಿಸಾಡಿ ಓಡಿಬಂದಳು.

"ಮಿಸ್ಸೋ, ಕರ್ಡಿ! ಅಡುಗೆ ಮನೆಗೇ ನುಗ್ಗೈತೆ ಕಣ್ರಮ್ಮೋ!"

ನನ್ನ ಕೋಣೆಯ ಮಕ್ಕಳನ್ನೂ ಅವರ ಕೋಣೆಗೇ ತುಂಬಿದೆವು. ಮಳೆಗೆ ಊದಿಕೊಂಡ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ಚಿಲಕ ಕೂರಲಿಲ್ಲ. ಬೆಂಚನ್ನು ಎಳೆದು ಬಾಗಿಲಿಗೆ ಅಡ್ಡ ಇಟ್ಟು, ಅಡುಗೆಯ ಅಕ್ಕನೂ ನಾನೂ ಅದಕ್ಕೆ ಬೆನ್ನು ಕೊಟ್ಟು ಕೂತೆವು. ಊರಿನ ಪಂಚಾಯ್ತಿ ಮೆಂಬರಿಗೆ ಪಿಸುದನಿಯಲ್ಲಿ ಫೋನ್ ಮಾಡಿದೆ. "ಎಲ್ಲಾ ಹೊಲ್ದಾಗವ್ರೆ, ಜನ ಸೇರಿಸ್ಕೊಂಡು ಬತ್ತೀನಿ. ಬಾಗ್ಲು ಮಾತ್ರ ತೆಗೀಬ್ಯಾಡಿ" ಎಂದರು.

ಅಡುಗೆಮನೆಗೂ ನಮಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆ ಪಾತ್ರೆಗಳು ಉರುಳಿದವು. ಎಣ್ಣೆಯ ಡಬ್ಬಿ ಬಿದ್ದು ನೆಲದ ಮೇಲೆ ಕುಯ್ಯೆಂದು ಜಾರಿತು. ಆಮೇಲೆ ಒಂದು ಸದ್ದು, ಹೆಚ್ಚುಕಮ್ಮಿ ಮನುಷ್ಯರು ಗೊರಕೆ ಹೊಡೆದಂತೆ. ಒಂದು ಮಗು ಅಳತೊಡಗಿತು. ಅದನ್ನು ನೋಡಿ ಇನ್ನೊಂದು. ಅಡುಗೆಯ ಅಕ್ಕ ಹಲ್ಲು ಕಚ್ಚಿ, "ಸುಮ್ಕಿರ್ರೋ, ಸದ್ದು ಕೇಳಿದ್ರೆ ಇತ್ಲಾಗೆ ಬತ್ತದೆ" ಎಂದದ್ದೇ ತಡ, ಇಡೀ ಕೋಣೆ ಬಾಯಿ ಬಿಟ್ಟು ಅಳುವಂತಾಯಿತು.

ನಾನು ದೊಡ್ಡ ಮಿಸ್ಸಿನ ಕಡೆ ನೋಡಿದೆ. ಮುಖದಲ್ಲಿ ರಕ್ತವಿರಲಿಲ್ಲ. ಕೈಯಲ್ಲಿದ್ದ ಬೀಗದ ಕೈ ಗೊಂಚಲು ನಡುಕಕ್ಕೆ ಗಲಗಲ ಎನ್ನುತ್ತಿತ್ತು. ಅವರು ಬಿದ್ದುಹೋಗುತ್ತಾರೆ, ಈ ಮಕ್ಕಳೆಲ್ಲ ನನ್ನ ಮೇಲೆಯೇ ಬರುತ್ತಾರೆ ಎಂದುಕೊಂಡೆ. ಅವರು ಗೊಂಚಲನ್ನು ನನ್ನ ಮಡಿಲಿಗೆ ಹಾಕಿ, ಗೋಡೆ ಹಿಡಿದುಕೊಂಡು, ಮಕ್ಕಳ ನಡುವೆ ನೆಲದ ಮೇಲೆ ಕೂತರು. ಕೂತರೋ, ಕುಸಿದರೋ.

"ಬನ್ರೋ ಹತ್ರಕ್ಕೆ" ಎಂದರು. ದನಿ ಒಡೆದಿತ್ತು. "ಮಿಸ್ಸಿಗೆ ತುಂಬಾ ಹೆದರಿಕೆ ಆಗ್ತೈತೆ. ನೀವು ನಂಗೊಂದು ಸಹಾಯ ಮಾಡಿ. ಇವತ್ತು ಬೆಳಗ್ಗೆ ಎದ್ದಾಗಿಂದ ನಿಮಗೆ ಏನು ಚೆನ್ನಾಗಿತ್ತು? ಒಬ್ಬೊಬ್ರೇ ಬಂದು ನನ್ನ ಕಿವೀಲಿ ಹೇಳಿ. ಬೇರೆ ಯಾರಿಗೂ ಕೇಳಿಸ್ಬಾರ್ದು."

ಮಕ್ಕಳು ಅಳು ನಿಲ್ಲಿಸಿ ನೋಡಿದವು. ದೊಡ್ಡವರು ಹೆದರಿಕೆಯಾಗುತ್ತಿದೆ ಎಂದು ಹೇಳಿದ್ದನ್ನು ಅವು ಮೊದಲ ಸಲ ಕೇಳಿದ್ದವೇನೋ. ಒಬ್ಬಳು ಅಂಬೆಗಾಲಿಟ್ಟುಕೊಂಡು ಬಂದು ಕಿವಿಗೆ ಬಾಯಿಟ್ಟಳು. ಬಾಗಿಲ ಹತ್ತಿರ ಕೂತ ನನಗೂ ಅರ್ಧಂಬರ್ಧ ಕೇಳುತ್ತಿತ್ತು.

"ನಮ್ಮ ಮೇಕೆ ಮರಿ ಹಾಕ್ತು ಮಿಸ್. ಎರ್ಡು."

"ಅಜ್ಜಿ ತಲೆ ಬಾಚಿದ್ಲು, ಎಳೀಲಿಲ್ಲ."

"ನಮ್ಮಪ್ಪ ಬೈಲಿಲ್ಲ."

ಪ್ರತಿಯೊಂದಕ್ಕೂ ಅವರು ತಲೆಯಾಡಿಸಿ, "ಹೌದಾ? ಎಷ್ಟು ಚೆನ್ನಾಗೈತೆ" ಎನ್ನುತ್ತಿದ್ದರು. ಆಮೇಲೆ ಅವರ ತುಟಿ ಒಂದು ಕ್ಷಣ ಅಲುಗುತ್ತಿತ್ತು. ಅದೇನೆಂದು ನನಗೊಬ್ಬಳಿಗೆ ಗೊತ್ತಿತ್ತು. ಕಣ್ಣು ಕಳೆದುಕೊಂಡವನ ಮಗಳ ಸರದಿ ಬಂತು. ಅವಳು ಕಿವಿಗೆ ಬಾಯಿಡದೆ ಲಂಗದ ಅಂಚು ಹಿಡಿದು ನಿಂತಳು. ಆಮೇಲೆ, "ನಂಗೇನೂ ಇಲ್ಲ ಮಿಸ್" ಎಂದಳು. ದೊಡ್ಡ ಮಿಸ್ಸು ಅವಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡು, "ಇಲ್ದಿದ್ರೆ ಬ್ಯಾಡ ಬುಡು ಕಂದಾ. ನೀನು ನನ್ನ ಮಡಿಲಲ್ಲಿ ಕೂತ್ಕೊ. ನಂಗೆ ಇದು ಚೆನ್ನಾಗೈತೆ" ಎಂದರು.

ಆಗಲೇ ಅಡುಗೆಮನೆಯ ಸದ್ದು ನಿಂತಿತು.

ಅಂಗಳದಲ್ಲಿ ಉಗುರು ಕೆರೆಯುವ ಸದ್ದು. ನನ್ನ ಬೆನ್ನಿಗೆ ಬೆಂಚು, ಬೆಂಚಿನಾಚೆ ಬಾಗಿಲು, ಬಾಗಿಲ ಸಂದಿನಿಂದ ಒದ್ದೆ ಕೂದಲಿನ ಕಮಟು ವಾಸನೆ. ಅದು ಬಾಗಿಲಿಗೆ ಮೂಗಿಟ್ಟು ಉಸಿರೆಳೆದುಕೊಂಡಿತು. ಆ ಉಸಿರು ನನ್ನ ಸೊಂಟಕ್ಕೆ ತಾಗಿತು. ಕೆಳಗಿನ ಸಂದಿಯಲ್ಲಿ ಕಪ್ಪು ಉಗುರುಗಳು ಬಂದು, ಸಿಮೆಂಟು ಕೆರೆದು, ಹಿಂದೆ ಹೋದವು. ಅಡುಗೆಯ ಅಕ್ಕ ನನ್ನ ತೋಳನ್ನು ಹಿಡಿದ ಗುರುತು ಆಮೇಲೆ ವಾರಗಟ್ಟಲೆ ಹೋಗಲಿಲ್ಲ. ಬೆಂಚು ಒಮ್ಮೆ ಜರುಗಿತು. ನಾನು ಕಾಲು ಊರಿ ಹಿಂದಕ್ಕೆ ಒತ್ತಿದೆ. ಕಣ್ಣು ಮುಚ್ಚಬೇಕೆಂದರೂ ಆಗಲಿಲ್ಲ. ಎದುರಿಗೆ ದೊಡ್ಡ ಮಿಸ್ಸು ಕಾಣುತ್ತಿದ್ದರು. ಮೈಯೆಲ್ಲ ಎಲೆಯಂತೆ ಅದುರುತ್ತಿತ್ತು, ಕಣ್ಣಿಂದ ನೀರು ಹರಿಯುತ್ತಿತ್ತು, ಕಿವಿ ಮಾತ್ರ ಮುಂದಿನ ಮಗುವಿನ ಬಾಯಿಗೆ ಬಾಗಿತ್ತು. ಒಂದು ಮಗುವೂ ಅಳಲಿಲ್ಲ.

ಊರಿನ ಕಡೆಯಿಂದ ತಮಟೆ ಕೇಳಿಸಿತು. ಟ್ರ್ಯಾಕ್ಟರಿನ ಹಾರನ್ನು, ತಗಡು ಬಡಿಯುವ ಸದ್ದು, ಜನರ ಕೂಗು. ಉಸಿರು ಬಾಗಿಲಿಂದ ದೂರವಾಯಿತು. ಕಿಟಕಿಯಲ್ಲಿ ಇಣುಕಿದಾಗ ಅದು ಹಿಂದಿನ ಬೇಲಿ ಹಾರಿ, ಮುಸುಡಿಗೆಲ್ಲ ಎಣ್ಣೆ ಬಳಿದುಕೊಂಡು, ಬಂಡೆಗಳ ಕಡೆ ಓಡುತ್ತಿತ್ತು. ಅಷ್ಟು ದೊಡ್ಡ ಪ್ರಾಣಿ, ಅದೂ ಹೆದರಿತ್ತು.

ಜನ ಒಳಗೆ ಬಂದು ಮಕ್ಕಳನ್ನು ಎತ್ತಿಕೊಂಡರು. ದೊಡ್ಡ ಮಿಸ್ಸು ಏಳಲಿಲ್ಲ. "ಕಾಲು ಬರ್ತಿಲ್ಲ ಕಣಮ್ಮ" ಎಂದರು. ಇಬ್ಬರು ಹೆಂಗಸರು ಹಿಡಿದು ಎಬ್ಬಿಸಿದರು. ಅಂಗಳಕ್ಕೆ ಬಂದವರೇ ಮೂಲೆಯಲ್ಲಿ ವಾಂತಿ ಮಾಡಿಕೊಂಡರು. ನಾನು ನೀರು ಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು, ಬರುತ್ತಿದ್ದ ತುಂತುರಿಗೆ ಮುಖ ಎತ್ತಿದರು. ಭುಜಗಳು ಕುಣಿಯತೊಡಗಿದವು. ಅಳುತ್ತಿದ್ದಾರೆಂದು ಹತ್ತಿರ ಹೋದರೆ, ನಗುತ್ತಿದ್ದರು.

ಎರಡು ದಿನ ಬಿಟ್ಟು ಇನ್ನೊಂದು ಹೆದರಿಕೆ ಬಂತು. ಊರಿನ ಒಬ್ಬ ಯುವಕ, ಜೊತೆಗೆ ಇನ್ನಿಬ್ಬರನ್ನು ಕರೆದುಕೊಂಡು ಶಾಲೆಯ ಅಂಗಳಕ್ಕೆ ಬಂದ. ಮಕ್ಕಳನ್ನು ಬಿಡಲು ಬಂದವರೂ ಅಲ್ಲೇ ಇದ್ದರು.

"ಮೇಡಮ್ಮೋರೆ, ಬಾಗ್ಲು ಹಾಕ್ಕೊಂಡು ಮಕ್ಳ ಕೈಲಿ ನಿಮ್ಮ ಪ್ರಾರ್ಥನೆ ಮಾಡ್ಸಿದ್ರಂತೆ?"

ಅವರ ಕೈ ತಾನಾಗಿ ಕತ್ತಿಗೆ ಹೋಯಿತು. ಶಿಲುಬೆ ಒಳಗೇ ಇತ್ತು. ಕರಡಿ ಬಂದ ದಿನ ನೋಡಿದ್ದ ಅದೇ ಮುಖ. ನಾನು ಉತ್ತರ ಕೊಡಲು ಬಾಯಿ ತೆರೆದೆ. ಅವರು ನನ್ನ ಮೊಣಕೈ ಹಿಡಿದು ತಡೆದರು.

"ನಾನು ಮಾಡಿದೆನಪ್ಪ, ನನ್ನ ಮನಸ್ಸಲ್ಲಿ. ಅದಕ್ಕೆ ಸುಳ್ಳು ಹೇಳಲ್ಲ. ಮಕ್ಕಳಿಗೆ ಯಾರ ಹೆಸರೂ ಹೇಳ್ಲಿಲ್ಲ. ಏನು ಚೆನ್ನಾಗಿತ್ತು ಅಂತ ಕೇಳ್ದೆ, ಹೇಳಿದ್ವು. ಯಾರು ಕೊಟ್ಟಿದ್ದು ಅಂತ ನಿಮ್ಮನೇಲಿ ನೀವೇ ಹೇಳ್ಕೊಡಿ."

ಮೇಕೆಯ ಹುಡುಗಿಯ ಅಜ್ಜಿ ಅಲ್ಲೇ ನಿಂತಿದ್ದಳು. "ಮೇಕೆ ಮರಿ ಹಾಕಿದ್ದು ಯಾವ ಪ್ರಾರ್ಥನೆನಲಾ?" ಎಂದು ಅವನ ಮೇಲೆ ಹೋದಳು. "ನಿಮ್ಮಕ್ಕನ ಮಗಾನೂ ಒಳಗೇ ಇತ್ತಲ್ಲೋ. ಹೋಗಿ ಅದನ್ನ ಕೇಳೋಗು, ಏನ್ ಹೇಳ್ತು ಅಂತ." ಅವನು ಆಯ್ತು ಬಿಡಿ ಎಂದು, ಜೊತೆಯವರನ್ನು ಕೂರಿಸಿಕೊಂಡು ಬೈಕು ಹತ್ತಿ ಹೊರಟುಹೋದ. ಆದರೂ ದೊಡ್ಡ ಮಿಸ್ಸು ತಿಂಗಳುಗಟ್ಟಲೆ ಅಂಗಳದಲ್ಲಿ ಬೈಕಿನ ಸದ್ದು ಕೇಳಿದರೆ ಸೀಮೆಸುಣ್ಣ ಕೆಳಗಿಡುತ್ತಿದ್ದರು. ಆ ಹೆದರಿಕೆ ಕರಡಿಯದಕ್ಕಿಂತ ದೊಡ್ಡದು. ಕರಡಿ ಕಾಡಿಗೆ ಹೋಗುತ್ತದೆ.

ನಿವೃತ್ತಿಯಾದ ಮೇಲೆ ಅವರು ಶಿರಾದ ಮಗಳ ಮನೆ ಸೇರಿದರು. ಫೋನಿನಲ್ಲಿ ಸಿಗುತ್ತಿದ್ದರು, ಮೊಮ್ಮಗನ ಹಲ್ಲು, ಮದಲೂರು ಕೆರೆಗೆ ನೀರು ಬಂದದ್ದು, ಮಹಡಿಯ ಮೇಲೆ ಒಣಗಿಸಿದ ಮೆಣಸಿನಕಾಯಿಯ ಬಣ್ಣ, ಎಲ್ಲವನ್ನೂ ಹೇಳುತ್ತಿದ್ದರು. ಹೋದ ವರ್ಷ ಅವರ ಮಗಳೇ ಫೋನ್ ಮಾಡಿದಳು. ಶ್ವಾಸಕೋಶದಲ್ಲಿ ಗಡ್ಡೆ. ಡಾಕ್ಟರು ಹೆಚ್ಚೇನೂ ಹೇಳುತ್ತಿಲ್ಲ ಎಂದಳು.

ನಾನು ಹೋದಾಗ ದಿಂಬುಗಳಿಗೆ ಒರಗಿ ಕೂತಿದ್ದರು. ಮಗಳು ಒಳಗೆ ಹೋಗುವ ತನಕ ಕಾದು ನನ್ನ ಕೈ ಹಿಡಿದರು.

"ಭಯ ಆಗ್ತೈತೆ ಕಣಮ್ಮ. ಉಸಿರು ಸಿಗದೇ ಹೋಗ್ಬುಟ್ರೆ ಅಂತ. ಚರ್ಚಿನೋರು ಬಂದು ಧೈರ್ಯವಾಗಿರಿ ಅಂತಾರೆ. ಇರೋರಿಗಲ್ವಾ ಅದು? ನಂಗೆಲ್ಲಿತ್ತು?"

ನಾನು ಜಾರಿದ್ದ ದಿಂಬನ್ನು ಅವರ ಬೆನ್ನಿಗೆ ಸರಿಸಿದೆ. ಅವರೇ ಮುಂದುವರಿಸಿದರು.

"ಯೇಸುಸ್ವಾಮೀನ ಹಿಡಿಯೋಕೆ ಬರೋ ಮುಂಚೆ ಅವರೂ ತೋಟದಲ್ಲಿ ಹೆದರಿದ್ರು, ಗೊತ್ತಾ? ಬೆವರು ಸುರೀತಿತ್ತಂತೆ. ಜೊತೇಲಿದ್ದೋರನ್ನ, ಸ್ವಲ್ಪ ಹೊತ್ತು ನನ್ನ ಜೊತೆ ಎಚ್ಚರ ಇರಿ ಅಂತ ಕೇಳ್ಕೊಂಡ್ರು. ಅವರೋ, ಮಲಗಿಬುಟ್ರು. ಇಷ್ಟು ವರ್ಷ ನಾನು ಸ್ವಾಮಿ ಹತ್ರ ಹೋಗಿದ್ದು ಅದಕ್ಕೇ ಕಣಮ್ಮ. ಹೆದರೋರ ಕಷ್ಟ ಅವರಿಗೆ ಗೊತ್ತು."

"ನಾನು ಕೂತಿರ್ತೀನಿ ಮೇಡಂ" ಎಂದೆ. ಅವತ್ತು ಸಂಜೆಯ ಬಸ್ಸು ಬಿಟ್ಟೆ. ಆಮೇಲೆ ಪ್ರತಿ ಭಾನುವಾರ ಹೋಗುತ್ತಿದ್ದೆ. ಪ್ರತಿ ಸಲ ಮೆಟ್ಟಿಲು ಹತ್ತುವ ಮುಂಚೆ ಕೆಳಗೇ ನಿಂತು ತಡಮಾಡುತ್ತಿದ್ದೆ. ಅವರು ಉಸಿರಿಗಾಗಿ ಒದ್ದಾಡುವುದನ್ನು ನೋಡಬೇಕಲ್ಲ ಎಂದು.

ಕೊನೆಯ ಭಾನುವಾರ ಮಗಳು ಬಾಗಿಲಲ್ಲೇ ಹೇಳಿದಳು: ಎರಡು ದಿನದಿಂದ ಮಾತಿಲ್ಲ, ಏನೂ ತಿಂದಿಲ್ಲ. ನಾನು ಪಕ್ಕದಲ್ಲಿ ಕೂತೆ. ಕಣ್ಣು ತೆರೆದಿತ್ತು. ಅದು ನನ್ನಿಂದ ಬಾಗಿಲಿಗೆ, ಬಾಗಿಲಿಂದ ನನಗೆ ಹಾಯುತ್ತಿತ್ತು. ಕೈ ಹಿಡಿದರೆ ಒಳಗೆಲ್ಲ ನಡುಕ.

ಪಕ್ಕದ ಮನೆಯ ಹೆಂಗಸು, ಮಗಳು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವವರು, ಸೆರಗು ಸರಿಮಾಡಿಕೊಳ್ಳುತ್ತ ಒಂದು ಬಟ್ಟಲು ತಂದರು. "ತೆಳ್ಳಗೆ ಗಂಜಿ ಮಾಡಿದೀನಮ್ಮ. ಒಂದು ಚಮಚ ಹೋದ್ರೂ ಹೋಗ್ಲಿ" ಎಂದರು. ಮಗಳು ತಲೆ ಅಲ್ಲಾಡಿಸಿದಳು, ಬೇಡ, ನುಂಗುವುದಿಲ್ಲ ಎನ್ನುವಂತೆ. ನಾನು ಬಟ್ಟಲು ತೆಗೆದುಕೊಂಡೆ. ಗಂಟಲಿಗೆ ಸಿಕ್ಕಿಕೊಂಡೀತೆಂಬ ಹೆದರಿಕೆ ನನಗೂ. ಚಮಚದ ತುದಿಯಲ್ಲಷ್ಟೇ ತೆಗೆದು ತುಟಿಗೆ ಮುಟ್ಟಿಸಿದೆ.

ತುಂಬ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದರು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ನಾವು ಮೂವರೂ ಅದನ್ನೇ ನೋಡುತ್ತಿದ್ದೆವು. ಅವರು ಖಾಲಾನ ಕಡೆಗೆ ಕಣ್ಣು ತಿರುಗಿಸಿದರು.

"ಉಪ್ಪು ಸರಿಯಾಗೈತೆ" ಎಂದರು.

ಖಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದೊಡ್ಡ ಮಿಸ್ಸಿನ ಕೈ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು, ನಡುಕ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಹಾಗೇ ಹಿಡಿದುಕೊಂಡು, ಇನ್ನೊಂದು ಚಮಚಕ್ಕೆ ಬಾಯಿ ತೆರೆದರು.